ಬೀಗದೊಳಗಿನವರ ಮಾತಿಗೆ ಬೆಲೆಯೆಷ್ಟು?



ಇಂಗ್ಲೆಂಡಿನಲ್ಲಿ ಬ್ರಾಡ್‌ಮೂರ್, ರ್‍ಯಾಂಪ್ಟನ್, ಆಶ್‌ವರ್ತ್ ಎಂಬ ಮೂರು ಅತಿಭದ್ರತೆಯ ಮನೋರೋಗ ಆಸ್ಪತ್ರೆಗಳಿವೆ. ಅವುಗಳಲ್ಲದೆ ಮಧ್ಯಮ ಭದ್ರತೆಯ ಘಟಕಗಳೂ ಇವೆ. ಇತರರಿಗೆ ಅಪಾಯಕಾರಿಗಳೆಂದು ಪರಿಗಣಿಸಲ್ಪಟ್ಟ ರೋಗಿಗಳನ್ನು ಅಲ್ಲಿ ಬೀಗ ಹಾಕಿ ಇರಿಸಲಾಗುತ್ತದೆ. ಜೈಲಿನ ಕೈದಿ ಸಾಮಾನ್ಯವಾಗಿ ತನ್ನ ಬಿಡುಗಡೆಯ ದಿನವನ್ನು ಎಣಿಸಬಲ್ಲ. ಇಲ್ಲಿನ ಅನೇಕರಿಗೆ ಆ ಸಮಾಧಾನವೂ ಇಲ್ಲ. ಅದಕ್ಕಿಂತಲೂ ದೊಡ್ಡ ಸಂಕಟ ಇನ್ನೊಂದಿದೆ. ರೋಗಿ ಅನ್ಯಾಯವಾಯಿತೆಂದು ದೂರಿದರೆ, ಆ ದೂರನ್ನೂ ರೋಗದ ಲಕ್ಷಣವೆಂದು ಬಗೆಯುವ ಅಪಾಯವಿದೆ.

ಡೇವಿಡ್ ಬೆನೆಟ್ ಎಂಬ ಆಫ್ರೋ-ಕೆರಿಬಿಯನ್ ಮೂಲದ ವ್ಯಕ್ತಿಯ ಕಥೆಯನ್ನು ಕೇಳಿರಿ. ನಾರ್ವಿಚ್ ನಗರದ ಮಧ್ಯಮ ಭದ್ರತಾ ಘಟಕದಲ್ಲಿದ್ದ ಅವರು 1993ರಲ್ಲಿ ಅಲ್ಲಿನ ನರ್ಸಿಂಗ್ ಮುಖ್ಯಸ್ಥರಿಗೆ ಪತ್ರ ಬರೆದರು. ಇಲ್ಲಿ ಕಪ್ಪು ವರ್ಣದ ರೋಗಿಗಳಿದ್ದರೂ ಆ ವರ್ಣದ ಸಿಬ್ಬಂದಿ ಇಲ್ಲ, ಎಲ್ಲರ ಭದ್ರತೆ ಮತ್ತು ನೆಮ್ಮದಿಗಾಗಿ ಅಂಥವರನ್ನು ನೇಮಿಸಬೇಕು ಎಂಬುದು ಅದರ ಸಾರ. ಯಾವ ಆಡಳಿತಗಾರನಿಗೂ ಒಪ್ಪುವಂತಹ ವಿವೇಕದ ಮಾತದು!

1998ರ ಅಕ್ಟೋಬರ್ 30ರ ರಾತ್ರಿ ಅದೇ ಘಟಕದಲ್ಲಿ ಇನ್ನೊಬ್ಬ ರೋಗಿ ಅವರನ್ನು ವರ್ಣದ ಹೆಸರಿನಲ್ಲಿ ನಿಂದಿಸಿದ. ಜಗಳವಾಯಿತು. ಬೇರೆ ವಾರ್ಡಿಗೆ ವರ್ಗಾಯಿಸಲ್ಪಟ್ಟವರು ಬೆನೆಟ್. ಕೆರಳಿದ ಅವರು ದಾದಿಯೊಬ್ಬರಿಗೆ ಹೊಡೆದರು. ಸಿಬ್ಬಂದಿ ಅವರನ್ನು ಸುಮಾರು 25 ನಿಮಿಷಗಳ ಕಾಲ ನೆಲಕ್ಕೆ ಬೋರಲಾಗಿ ಒತ್ತಿ ಹಿಡಿದರು. ಆ ರಾತ್ರಿಯೇ ಅವರು ಅಸುನೀಗಿದರು. ಆಗ ಅವರಿಗೆ 38 ವರ್ಷ. ಮೂರು ನಿಮಿಷಗಳಿಗಿಂತ ಹೆಚ್ಚು ಹೊತ್ತು ಯಾರನ್ನೂ ಹೀಗೆ ಬೋರಲಾಗಿ ಹಿಡಿಯಬಾರದೆಂದು 2004ರ ತನಿಖಾ ವರದಿ ಶಿಫಾರಸು ಮಾಡಿತು.

ಹಲ್ಲೆಯನ್ನು ಸಿಬ್ಬಂದಿ ಸಹಿಸಿಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಅವರ ಜೀವಕ್ಕೂ ರಕ್ಷಣೆ ಬೇಕು. ಆದರೆ ತಡೆಯುವುದಕ್ಕೂ ದಂಡಿಸುವುದಕ್ಕೂ ನಡುವಿನ ಗೆರೆ ಅಳಿಸಿಹೋದರೆ ಆಸ್ಪತ್ರೆಗೂ ಸೆರೆಮನೆಗೂ ಏನು ವ್ಯತ್ಯಾಸ?

ಪರದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಆಸರೆ ನಂಬಿ ಕರೆತಂದವರನ್ನು ಖಾಸಗಿ ಆಶ್ರಯಗೃಹಗಳಲ್ಲಿ ಸರಪಳಿಯಿಂದ ಬಿಗಿಯಲಾಗುತ್ತಿತ್ತು. 2001ರ ಆಗಸ್ಟ್ 6ರ ಬೆಂಕಿಗೆ ಅಂತಹ 28 ಮಂದಿ ಬಲಿಯಾದರು. ಓಡಿಹೋಗಲು ಸರಪಳಿ ಬಿಡಲಿಲ್ಲ. ಅಲ್ಲಿ ತಂದು ಬಿಟ್ಟವರು ಅವರವರ ಮನೆಯವರೇ ಎಂಬುದನ್ನು ಸಮುದಾಯ ಮರೆಯಕೂಡದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಸಂಪೂರ್ಣವಾಗಿ ನಿಷೇಧಿಸಿದೆ. ತಕ್ಷಣದ ಅಪಾಯವನ್ನು ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ರೋಗಿಯನ್ನು ಕಟ್ಟಿಹಾಕಬಹುದು. ಶಿಕ್ಷೆಯಾಗಿ ಕೂಡದು, ಸಿಬ್ಬಂದಿಯ ಕೊರತೆಯೂ ನೆಪವಾಗಕೂಡದು. ಸೇವೆಯ ಲೋಪಗಳ ಬಗ್ಗೆ ದೂರು ನೀಡುವ ಹಕ್ಕೂ ರೋಗಿಗಿದೆ.

ಆದರೆ ಕಾನೂನು ತಾನಾಗಿ ಬೀಗದೊಳಗೆ ಹೋಗುವುದಿಲ್ಲ. ಅದನ್ನು ಒಯ್ಯಬೇಕಾದವರು ನಾವು. ಸೇರಿಸಿ ಬಂದವರನ್ನು ಮತ್ತೆ ಮತ್ತೆ ಭೇಟಿಯಾಗೋಣ. ಕಟ್ಟಿಹಾಕಿದ್ದರೆ ಏಕೆ, ಎಷ್ಟು ಹೊತ್ತು, ಯಾರ ಅನುಮತಿಯಿಂದ ಎಂದು ಕೇಳೋಣ. ವೈದ್ಯರನ್ನು ವಿಚಾರಿಸುವಷ್ಟೇ ಶ್ರದ್ಧೆಯಿಂದ ರೋಗಿಯನ್ನೂ ವಿಚಾರಿಸೋಣ. ಬೆನೆಟ್ ಬರೆದ ಪತ್ರದಂತಹ ಮಾತು ಅವರ ಬಾಯಲ್ಲೂ ಇರಬಹುದು. ಅದನ್ನು ಅವರು ಬದುಕಿರುವಾಗಲೇ ಕೇಳಿಸಿಕೊಳ್ಳೋಣ.