ಗೋಡೆಯ ಬಿರುಕಿಗೂ ಒಂದು ಋತು



ಈ ಯುಗಾದಿಗೆ ಗಾರೆ ತುಂಬಿ ಸುಣ್ಣ ಬಳಿದ ಬಿರುಕು ಮುಂದಿನ ಯುಗಾದಿಗೆ ಮತ್ತೆ ಬಾಯಿ ಬಿಟ್ಟಿರುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಮನೆಯಲ್ಲಿ ಬೈಗುಳ ಬೀಳುವುದು ಮೇಸ್ತ್ರಿಗೆ. ಆದರೆ ಬಿರುಕಿನ ಬೇರು ಎಷ್ಟೋ ಸಲ ತಳಪಾಯದ ಕೆಳಗಿನ ಮಣ್ಣಿನಲ್ಲಿರುತ್ತದೆ.

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಬಹುಪಾಲು ನೆಲ ಕೆಂಪು ಮಣ್ಣಿನದು. ಅದು ನೆನೆದರೂ ಹೆಚ್ಚು ಉಬ್ಬುವುದಿಲ್ಲ. ಆದರೆ ಇದು ಕೆರೆಗಳ ಸೀಮೆಯೂ ಹೌದು. ತುಮಕೂರಿನ ಅಮಾನಿಕೆರೆ, ಕುಣಿಗಲ್ ದೊಡ್ಡಕೆರೆ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ಇವುಗಳನ್ನು ನೀವು ಬಲ್ಲಿರಿ. ಕೆರೆಗಳ ಕೆಳಗಿನ ತಗ್ಗು ಗದ್ದೆಗಳಲ್ಲಿ ನುಣುಪಾದ ಜೇಡಿಮಣ್ಣು ಕೂತಿರುತ್ತದೆ. ಅಂಥ ಗದ್ದೆ ನಿವೇಶನವಾದಾಗ ಮೇಲೆ ಒಂದಡಿ ಗರಸು ಹರಡಿದರೆ ಸಾಕು, ಕೆಳಗಿನ ಜೇಡಿ ಯಾರ ಕಣ್ಣಿಗೂ ಬೀಳದು!

ಜೇಡಿಯೆಲ್ಲ ಒಂದೇ ಬಗೆಯದಲ್ಲ. ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜ ಹೆಚ್ಚಿದ್ದರೆ ಅದರ ಪದರಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಎರೆಹೊಲ ಬೇಸಿಗೆಯಲ್ಲಿ ಬಿರಿಯುವುದು ಹೀಗೆಯೇ. ಇದನ್ನು ನಿಮ್ಮ ಪ್ರಯೋಗಾಲಯದಲ್ಲಿ, ಅಧ್ಯಾಪಕರ ಎದುರಿನಲ್ಲಿ, ಬೆಂಕಿಯಿಂದ ದೂರವಿಟ್ಟು ನೋಡಬಹುದು. ಒಣಗಿಸಿ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಪಾಲು ಮಾಡಿ. ಒಂದನ್ನು ನೀರು ತುಂಬಿದ ಅಳತೆ ಜಾಡಿಗೆ, ಇನ್ನೊಂದನ್ನು ಸೀಮೆಎಣ್ಣೆ ತುಂಬಿದ ಜಾಡಿಗೆ ಹಾಕಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 10 ಮಿಲಿಲೀಟರ್ ಇದ್ದದ್ದು ನೀರಿನಲ್ಲಿ 16 ಆಗಿದ್ದರೆ ಉಬ್ಬು ಶೇಕಡಾ 60. ಶೇಕಡಾ 50 ದಾಟಿತೆಂದರೆ ಎಚ್ಚರ ಬೇಕು.

ಮನೆಯ ನಡುಭಾಗದ ಕೆಳಗಿನ ಮಣ್ಣಿಗೆ ಮಳೆ ಬಿಸಿಲು ಅಷ್ಟಾಗಿ ತಾಗುವುದಿಲ್ಲ. ಅಂಚಿನ ಮಣ್ಣು ಮಾತ್ರ ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಏಳುತ್ತದೆ, ಏಪ್ರಿಲ್, ಮೇ ಬಿಸಿಲಿಗೆ ಇಳಿಯುತ್ತದೆ. ಕೆರೆ ಕೆಳಗಿನ ಬಡಾವಣೆಯೊಂದರಲ್ಲಿ ನಾನು ಕಂಡ ಕುಟುಂಬ ಮಗಳ ಮದುವೆಗೆಂದು ಸಾಲ ತಂದು, ಏಪ್ರಿಲ್‌ನಲ್ಲಿ ಹಳೆಯ ಗೋಡೆಗೆ ಕಚ್ಚಿಸಿ ಹೊಸ ಕೋಣೆ ಕಟ್ಟಿಸಿತು. ಹಳೆಯ ಪಾಯ ಆಳ, ಹೊಸದು ಮೇಲುಮೇಲೆ. ದಸರಾ ಮಳೆಗೆ ಹೊಸ ಕೋಣೆ ಎದ್ದಿತು, ಹಳೆಯ ಮನೆ ಕೂತಲ್ಲೇ ಇತ್ತು. ಸೇರಿಸಿದ ಕಡೆ ಬೆರಳು ತೂರುವಷ್ಟು ಬಿರುಕು! ಸಾಲದ ಕಂತು ಮುಗಿಯುವ ಮೊದಲೇ ಆ ಗೋಡೆಯನ್ನು ಕೆಡವಬೇಕಾಯಿತು. ಪಾಯವನ್ನು ಹಳೆಯದರಷ್ಟೇ ಆಳಕ್ಕೆ ಇಳಿಸಿ, ಎರಡು ಗೋಡೆಗಳ ನಡುವೆ ಸಣ್ಣ ಸಂದು ಬಿಟ್ಟಿದ್ದರೆ ಈ ಪಾಡು ಬಹುಶಃ ಬರುತ್ತಿರಲಿಲ್ಲ.

ಹಾಗಾದರೆ ಕೆಲಸ ಯಾವಾಗ? ಮಣ್ಣು ತೀರಾ ನೆನೆದೂ ಇರದ, ತೀರಾ ಒಣಗಿಯೂ ಇರದ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳು ಒಳ್ಳೆಯವು. ಧನುರ್ಮಾಸದಲ್ಲಿ ಕೆಲಸ ಬೇಡವೆಂದು ಅಜ್ಜಿ ತಡೆದರೆ ವಾದಿಸಬೇಡಿ. ಆ ತಿಂಗಳು ಅಳತೆಗೆ, ಸಾಮಾನು ಕೂಡಿಸುವುದಕ್ಕೆ ಇರಲಿ. ಸಂಕ್ರಾಂತಿ ಕಳೆದ ಮೇಲೆ ಗುದ್ದಲಿ ಹಿಡಿದರೂ ಹೊತ್ತು ಮೀರಿರುವುದಿಲ್ಲ.

ಅದಕ್ಕೂ ಮೊದಲು ಒಂದು ವರ್ಷ ಕಾಯಬೇಕು. ಬಿರುಕಿನ ಎರಡು ತುದಿಗೂ ಪೆನ್ಸಿಲ್ ಗೀರು ಹಾಕಿ, ಪಕ್ಕದಲ್ಲಿ ತಾರೀಖು ಬರೆಯಿರಿ. ತಿಂಗಳಿಗೊಮ್ಮೆ ಅಗಲ ಅಳೆಯಿರಿ. ಮಳೆಯಲ್ಲಿ ಕೂಡಿಕೊಂಡು ಬೇಸಿಗೆಯಲ್ಲಿ ಅಗಲವಾಗುವುದಾದರೆ ಮಣ್ಣಿನ ಉಸಿರಾಟವೆಂದು ತಿಳಿಯಿರಿ. ಕಾಲಭೇದವಿಲ್ಲದೆ ಬೆಳೆಯುತ್ತಲೇ ಹೋದರೆ ಎಂಜಿನಿಯರನ್ನು ಕರೆಸಿ. ಹಾಗೆಯೇ ಬಚ್ಚಲ ನೀರು ಎಲ್ಲಿ ಇಂಗುತ್ತಿದೆ, ಸೂರಿನ ನೀರು ಎಲ್ಲಿ ಬೀಳುತ್ತಿದೆ ಎಂದು ಮನೆಯನ್ನು ಒಂದು ಸುತ್ತು ಹಾಕಿ ನೋಡಿ. ಒಂದೇ ಮೂಲೆ ಸದಾ ಒದ್ದೆಯಾಗಿದ್ದರೆ ಬಿರುಕು ಮುಚ್ಚುವ ಮೊದಲು ಆ ಮೋರಿಯನ್ನು ಸರಿಪಡಿಸಬೇಕು.