ದೊಡ್ಡವಳಾದ ಮೇಲೂ ಓಡಲಿ

ಅಕ್ಕಂದಿರೇ, ತಾಯಂದಿರೇ,

ಆಟ ಆಡುವ ನಮ್ಮ ಹೆಣ್ಣುಮಕ್ಕಳ ವಿಷಯ ಇವತ್ತು ಮಾತಾಡೋಣ.

ಹತ್ತು ವರ್ಷದ ಹುಡುಗಿ ಹುಡುಗರ ಸಮ ಓಡುತ್ತಾಳೆ. ಎಷ್ಟೋ ಸಲ ಅವರನ್ನೇ ಹಿಂದೆ ಹಾಕುತ್ತಾಳೆ. ಹದಿಮೂರು ಬಂದಾಗ ಅದೇ ಹುಡುಗಿ ಹಿಂದೆ ಬೀಳಬಹುದು. ಆಗ ಜನ ಏನಂತಾರೆ? "ದೊಡ್ಡೋಳಾದ್ಲು. ಇನ್ನೇನು ಇವಳ ಓಟ ಮುಗೀತು." ಮನೆಯಲ್ಲಿ ಕೂರಿಸಿಬಿಡ್ತಾರೆ.

ಓಟ ಮುಗಿದಿಲ್ಲ, ತಾಯಿ. ಮೈ ಬೆಳೀತಾ ಇದೆ.

ಹೆಣ್ಣುಮಕ್ಕಳು ಸಾಮಾನ್ಯವಾಗಿ 10ರಿಂದ 13 ವರ್ಷದೊಳಗೆ ಬೇಗ ಬೇಗ ಎತ್ತರ ಆಗುತ್ತಾರೆ. ಹುಡುಗರಿಗೆ ಇದು ಸುಮಾರು ಎರಡು ವರ್ಷ ತಡ. ಮೊದಲು ಮೂಳೆ ಉದ್ದವಾಗುತ್ತದೆ. ಮಾಂಸಖಂಡದ ಬಲ ಆಮೇಲೆ ಬರುತ್ತದೆ. ಸೊಂಟ ಅಗಲವಾಗುತ್ತದೆ, ಮೈ ತುಂಬುತ್ತದೆ. ಈ ಹೊಸ ಮೈ ಹಿಡಿತಕ್ಕೆ ಬರಲು ಸ್ವಲ್ಪ ಕಾಲ ಬೇಕು. ಕೆಲವರಿಗೆ ಮಂಡಿಯ ಕೆಳಗೆ ನೋವು ಬರುತ್ತದೆ. ನೋವಿದ್ದಾಗ ಓಟ, ನೆಗೆತ ಕಡಿಮೆ ಮಾಡಿಸಿ. ಆಟವನ್ನೇ ಬಿಡಿಸಬೇಡಿ.

ಕೇರಳದ ಪಿ.ಟಿ. ಉಷಾ ಹೆಸರು ಕೇಳಿದ್ದೀರಿ. 1980ರಲ್ಲಿ ಮಾಸ್ಕೋ ಒಲಿಂಪಿಕ್ಸಿಗೆ ಹೋದಾಗ ಅವರಿಗೆ 16 ವರ್ಷ. ಅಲ್ಲಿ ಪದಕ ಬರಲಿಲ್ಲ. 1985ರಲ್ಲಿ ಜಕಾರ್ತದ ಏಷ್ಯಾ ಕೂಟದಲ್ಲಿ ಐದು ಚಿನ್ನ ಗೆದ್ದರು. ಆಗ ಅವರಿಗೆ 21. ಹದಿನಾರಕ್ಕೇ ಮನೇಲಿ ಕೂರಿಸಿದ್ದರೆ?

ಇನ್ನು ಊಟದ ಮಾತು. ಮಗನಿಗೆ ಮೊಟ್ಟೆ, ಮಗಳಿಗೆ ಬರೀ ಸಾರು. ಎಷ್ಟೋ ಮನೆಯಲ್ಲಿ ಹೀಗೆ ನಡೀತದೆ. ಇದು ನ್ಯಾಯವಲ್ಲ. ಮುಟ್ಟು ಶುರುವಾದ ಮೇಲೆ ಅವಳಿಗೆ ತಿಂಗಳು ತಿಂಗಳೂ ರಕ್ತ ಹೋಗುತ್ತದೆ. ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಅಂಥವಳಿಗೆ ಓಡಿದರೆ ಬೇಗ ಏದುಸಿರು ಬರುತ್ತದೆ. ಸೋಮಾರಿ ಅಂತ ಬೈಯಬೇಡಿ. ರಾಗಿ ಮುದ್ದೆ, ಹುರುಳಿಕಾಳು, ಸೊಪ್ಪು ಹೊಟ್ಟೆ ತುಂಬ ಕೊಡಿ. ಸಾರಿಗೆ ನಿಂಬೆಹಣ್ಣು ಹಿಂಡಿ. ಊಟದ ಜೊತೆ ಟೀ ಬೇಡ, ಅದು ಕಬ್ಬಿಣದ ಅಂಶ ಮೈಗೆ ಹತ್ತಲು ಬಿಡಲ್ಲ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರೆ. ಅದನ್ನು ನುಂಗಿದಳಾ, ಕೇಳಿ.

ಮುಟ್ಟಾದಾಗ ಓಡಬಾರದು ಅನ್ನೋದು ಸುಳ್ಳು. ಮೈ ಒಪ್ಪಿದರೆ ಓಡಲಿ. ಆದರೆ ಆಟ ಜಾಸ್ತಿ, ಊಟ ಕಡಿಮೆ ಆದರೆ ಮುಟ್ಟೇ ನಿಲ್ಲಬಹುದು. ಹಾಗಾದಾಗ ಒಳ್ಳೇದೇ ಆಯ್ತು ಅನ್ನಬೇಡಿ. ಮೂಳೆ ಸವೆಯುತ್ತದೆ. ಮೂರು ತಿಂಗಳು ಮುಟ್ಟು ಬರದಿದ್ದರೆ ಡಾಕ್ಟರಿಗೆ ತೋರಿಸಿ. 15 ತುಂಬಿದರೂ ಮೈನೆರೆಯದಿದ್ದರೆ ಆಗಲೂ ತೋರಿಸಿ. ಆಟದ ಮೇಷ್ಟ್ರ ಹತ್ತಿರ ಹುಡುಗಿ ಇದನ್ನೆಲ್ಲ ಹೇಳಲಾರಳು. ನೀವು ಕೇಳಿದರೆ ನಿಮ್ಮ ಹತ್ತಿರ ಹೇಳ್ತಾಳೆ.