ಗುಂಡಿ ಡಬ್ಬಿಯಲ್ಲಿ ಸಿಕ್ಕ ಬ್ಯಾಡ್ಜು

(ಮಹಿಳಾ ವೇದಿಕೆಯ ‘ನನ್ನ ಹವ್ಯಾಸ’ ಕಾರ್ಯಕ್ರಮದಲ್ಲಿ ಆಡಿದ ಮಾತು)



ನನ್ನ ಹವ್ಯಾಸ ಕೇಳಿ ನಗಬೇಡಿ. ಹಳೆಯ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಬ್ಯಾಡ್ಜುಗಳನ್ನು ಕೂಡಿಡುತ್ತೇನೆ. ಅಮೆರಿಕದಲ್ಲಿ ಇವಕ್ಕೆ ಬಟನ್ ಅನ್ನುತ್ತಾರೆ. ಕಂಪನಿ ಕೆಲಸಕ್ಕೆಂದು ಎರಡು ವರ್ಷ ಅಲ್ಲಿದ್ದಾಗ, ಹಳೇ ಸಾಮಾನಿನ ಸಂತೆಯಲ್ಲಿ ಮೊದಲನೆಯದನ್ನು ಕೊಂಡೆ. ಈಗ ಕೊಂಡಾಪುರದ ನಮ್ಮ ಫ್ಲಾಟಿನ ಬೀರುವಿನಲ್ಲಿ ಮೂವತ್ತೊಂದು ಇವೆ.

ತಗಡಿನ ಬಿಲ್ಲೆ, ಮೇಲೆ ಅಚ್ಚಾದ ಕಾಗದ, ಅದರ ಮೇಲೆ ತೆಳು ಸೆಲ್ಯುಲಾಯ್ಡ್, ಹಿಂದೆ ಪಿನ್ನು, ಅಷ್ಟೇ. ನ್ಯೂಜೆರ್ಸಿಯ ವೈಟ್‌ಹೆಡ್ ಅಂಡ್ ಹೋಗ್ ಕಂಪನಿ 1896ರಲ್ಲಿ ಇದಕ್ಕೆ ಪೇಟೆಂಟ್ ಪಡೆಯಿತು. ಅದೇ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಎಲ್ಲರ ಎದೆಯ ಮೇಲೂ ಇವೇ. 1910ರ ಹೊತ್ತಿಗೆ ಸಿಗರೇಟಿನ ಜೊತೆ ಆಟಗಾರರ ಬಟನ್ ಕೊಡುತ್ತಿದ್ದರು.

ನನಗಿಷ್ಟ ಮೈನರ್ ಲೀಗ್ ಆಟಗಾರರದ್ದು. ನಮ್ಮ ಟೆಸ್ಟ್ ತಂಡಕ್ಕೆ ರಣಜಿ ಇದ್ದ ಹಾಗೆ, ಅಲ್ಲಿ ದೊಡ್ಡ ಲೀಗಿಗೆ ಮೈನರ್ ಲೀಗ್. ಅಲ್ಲಿ ಆಡಿದ ಹೆಚ್ಚಿನವರು ಮೇಲೆ ಹೋಗಲೇ ಇಲ್ಲ. ಆದರೂ ಅವರೂರಿನ ಜನ ಅವರ ಮುಖವನ್ನು ಎದೆಗೆ ಚುಚ್ಚಿಕೊಂಡು ಓಡಾಡಿದರು.

ಕಳೆದ ವರ್ಷ ಅಮ್ಮ ದಾವಣಗೆರೆಯಿಂದ ಬಂದಿದ್ದರು. ಇವನ್ನು ನೋಡಿ, “ಇಂಥದ್ದು ನನ್ನ ಹತ್ರಾನೂ ಒಂದಿತ್ತು ಕಣೇ. ಕಾಲೇಜಲ್ಲಿ ಕ್ರಿಕೆಟ್ ಆಡ್ತಿದ್ನಲ್ಲ, ಆಗ ಕೊಟ್ಟಿದ್ದು” ಅಂದರು. ನನಗೀಗ ಮೂವತ್ತೇಳು. ಅಮ್ಮ ಕ್ರಿಕೆಟ್ ಆಡುತ್ತಿದ್ದರೆಂದು ಅವತ್ತೇ ಗೊತ್ತಾಗಿದ್ದು!

ದೀಪಾವಳಿಗೆ ಊರಿಗೆ ಹೋದಾಗ ಹೊಲಿಗೆ ಮಷೀನಿನ ಗುಂಡಿ ಡಬ್ಬಿಯನ್ನು ನೆಲಕ್ಕೆ ಸುರಿದೆವು. ಅಂಗಿ ಗುಂಡಿ, ಹುಕ್ಕುಗಳ ನಡುವೆ ಸಿಕ್ಕಿತು: ಅಂತರ ಕಾಲೇಜು ಪಂದ್ಯಾವಳಿ, 1981. ಅಂಚೆಲ್ಲ ತುಕ್ಕು. “ಬ್ಲೇಜರ್ ಎಲ್ಲಮ್ಮಾ?” ಅಂದೆ. “ಪಾತ್ರೆಯವಳಿಗೆ ಹಾಕಿ ಸ್ಟೀಲ್ ಡಬ್ಬಿ ತಗೊಂಡೆ. ಸಕ್ಕರೆ ಹಾಕಿಡಲ್ವಾ, ಅದೇ” ಅಂದರು. ಎಡಗೈ ಸ್ಪಿನ್ ಹಾಕುತ್ತಿದ್ದರಂತೆ. ಮದುವೆಯ ನಂತರ ಯಾರೂ ಆಡಬೇಡ ಅನ್ನಲಿಲ್ಲ, ಆಡು ಅಂತಲೂ ಅನ್ನಲಿಲ್ಲ.

1976ರಲ್ಲಿ ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದ್ದು ನಮ್ಮ ಬೆಂಗಳೂರಿನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ಕರ್ನಾಟಕದ ಶಾಂತಾ ರಂಗಸ್ವಾಮಿ, ಆಗ ಅವರಿಗೆ 22 ವರ್ಷ. ಪೇಪರಿನಲ್ಲಿ ಅವರ ಫೋಟೋ ನೋಡಿಯೇ ಹೈಸ್ಕೂಲಿನಲ್ಲಿದ್ದ ಅಮ್ಮ ಚೆಂಡು ಹಿಡಿದಿದ್ದು. ನಾನು ಚಿಕ್ಕವಳಿದ್ದಾಗ ಅಣ್ಣನ ಜೊತೆ ಟ್ರಂಪ್ ಕಾರ್ಡಿಗೆ ಜಗಳವಾಡುತ್ತಿದ್ದೆ. ಕುಂಬ್ಳೆ, ಶ್ರೀನಾಥ್, ದ್ರಾವಿಡ್ ಎಲ್ಲರೂ ಇದ್ದರು. 1999ರಲ್ಲಿ ಇದೇ ಹೈದರಾಬಾದಿನ ಮಿಥಾಲಿ ರಾಜ್ 16ನೇ ವಯಸ್ಸಿಗೆ ಮೊದಲ ಏಕದಿನ ಪಂದ್ಯದಲ್ಲೇ ಅಜೇಯ 114 ಹೊಡೆದಿದ್ದರು. ನಮ್ಮ ಕಾರ್ಡುಗಳಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಯಾಕಿಲ್ಲ ಅಂತ ನಾನೂ ಕೇಳಲಿಲ್ಲ.

ಎಲ್ಲೋ ಇರುವ ಆಟಗಾರರ ಬಟನ್ನಿಗೆ ಡಾಲರ್ ಕೊಟ್ಟವಳು ನಾನು. ಮನೆಯದು ಗುಂಡಿಗಳ ಜೊತೆ ಬಿದ್ದಿತ್ತು.

ನಿಮ್ಮಲ್ಲೂ ಇಂಥದ್ದು ಸಿಕ್ಕರೆ ದಯವಿಟ್ಟು ತೊಳೆಯಬೇಡಿ. ಒಳಗೆ ನೀರು ಹೋದರೆ ಕಾಗದಕ್ಕೆ ಕಲೆ, ತಗಡಿಗೆ ತುಕ್ಕು. ಒಣ ಬಟ್ಟೆಯಲ್ಲಿ ಒರೆಸಿ, ಬಿಸಿಲು ತಾಗದ ಕಡೆ ಇಡಿ. ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಜೊತೆಗಿಟ್ಟರೆ ಮಳೆಗಾಲಕ್ಕೆ ಒಳ್ಳೆಯದು. ಯಾರದು, ಯಾವ ಇಸವಿ ಅಂತ ಚೀಟಿ ಬರೆದಿಡಿ. ಅದಕ್ಕೂ ಮೊದಲು, ಅಮ್ಮ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.

ಅಮ್ಮನದು ಈಗ ನನ್ನ ಮೂವತ್ತೆರಡನೆಯದು. ಇವತ್ತು ತಂದಿದ್ದೇನೆ, ಊಟದ ಹೊತ್ತಿಗೆ ಬಂದು ನೋಡಿ.